ಮಡಿವಾಳಪ್ಪನವರ ಸೈಟು ಬಿದ್ದ ದಿನ

ಬಸವೇಶ್ವರನಗರದ ಸಣ್ಣ ಕಂಪನಿಯೊಂದರಲ್ಲಿ ವೆಬ್‌ಸೈಟ್ ಮಾರುವ ಕೆಲಸ ರುದ್ರೇಶನದು. ಸೇರಿದಾಗಿನಿಂದ ಒಂದೂ ಮಾರಿರಲಿಲ್ಲ. ಬೆಳಿಗ್ಗೆ ಬಾಸ್ ಕರೆದು, "ಇವತ್ತು ಆರ್ಡರ್ ತಂದ್ರೆ ಸರಿ, ಇಲ್ಲಾಂದ್ರೆ ನಾಳೆಯಿಂದ ಮನೇಲೇ ಇರಪ್ಪ" ಎಂದುಬಿಟ್ಟರು.

ಅವನ ಪಾಡು ನೋಡಲಾರದೆ ಪ್ರೋಗ್ರಾಮರ್ ಗಿರಿರಾಜ್ ಒಂದು ಉಪಾಯ ಹೂಡಿದ. "ನೋಡು ಗುರು, ಇದಕ್ಕೆ ಎಪಿಐ ಅಂತಾರೆ. ನಮ್ಮ ಕಂಪ್ಯೂಟರ್ ಇನ್ನೊಂದು ಕಂಪ್ಯೂಟರನ್ನ ತಾನೇ ವಿಚಾರಿಸ್ಕೊಳ್ತಾ ಇರುತ್ತೆ. ಯಾವ ಕಂಪನಿ ವೆಬ್‌ಸೈಟ್ ಕೆಟ್ಟು ನಿಂತ್ರೂ ನಿನ್ನ ಮೊಬೈಲ್‌ಗೆ ಮೆಸೇಜು. ಓಡಿಹೋಗಿ ಹೊಸದು ಮಾರ್ಬಿಡು."

"ಪಾಪ, ಅವ್ರು ಕಷ್ಟದಲ್ಲಿರೋವಾಗ ಹೋಗೋದಾ?"

"ಪಂಕ್ಚರ್ ಆದಾಗ ಅಲ್ವೇನೋ ಪಂಕ್ಚರ್ ಅಂಗಡಿ ನೆನಪಾಗೋದು?"

ಸ್ವಲ್ಪ ಹೊತ್ತಿಗೆ ಮೊಬೈಲ್ ಕುಂಯ್‌ಗುಟ್ಟಿತು. ವಿಜಯನಗರದ ಗುರುದೇವಿ ಡೆವಲಪರ್ಸ್ ಎಂಬ ಕಂಪನಿಯ ವೆಬ್‌ಸೈಟ್ ನಿಂತಿತ್ತು. ರುದ್ರೇಶ ಟೈ ಬಿಗಿದುಕೊಂಡು ಬೈಕ್ ಹತ್ತಿದ.

ಅಲ್ಲಿನ ಸೋಫಾದಲ್ಲಿ ಆಗಲೇ ಮೂವರು ಟೈಧಾರಿಗಳು ಕೂತಿದ್ದರು. ಎಲ್ಲರ ಕೈಯಲ್ಲೂ ಮೊಬೈಲು, ತೊಡೆಯ ಮೇಲೆ ವೆಬ್‌ಸೈಟಿನ ಬ್ರೋಷರು. ಒಂದೇ ಹೆಣ್ಣನ್ನು ನೋಡಲು ಒಂದೇ ಹೊತ್ತಿಗೆ ಬಂದಿಳಿದ ವರರಂತೆ ನಾಲ್ವರೂ ಮುಖ ಮುಖ ನೋಡಿಕೊಂಡರು.

ಮಾಲೀಕ ಮಡಿವಾಳಪ್ಪನವರು ಕೈಮುಗಿದು ಹೊರಬಂದರು.

"ಸಾರ್, ನಿಮ್ಮ ಸೈಟ್ ಬಿದ್ದೋಗಿದೆ!" ಎಂದ ರುದ್ರೇಶ, ಉಳಿದವರು ಬಾಯಿ ತೆರೆಯುವ ಮೊದಲೇ.

"ಬಿದ್ದೋಗಕ್ಕೆ ಅದರಲ್ಲಿ ಏನ್ ಕಟ್ಟಿದೀವಪ್ಪ? ಖಾಲಿ ಸೈಟು! ಬನ್ನಿ, ತೋರಿಸ್ತೀನಿ."

"ಅಲ್ಲ ಸಾರ್, ವೆಬ್‌ಸೈಟು..."

"ಅದನ್ನೂ ಮಾತಾಡೋಣ. ನಮ್ಮ ಮಾಲು ನೋಡ್ದೆ ನೀವು ವೆಬ್‌ಸೈಟ್ ಹೆಂಗ್ ಮಾಡ್ತೀರಾ?"

ಮಾತು ನ್ಯಾಯವಾಗಿತ್ತು. ನಾಲ್ವರೂ ಜೀಪು ಹತ್ತಿದರು. ಹೇರೋಹಳ್ಳಿಯ ರಸ್ತೆ ಅವರನ್ನು ಬಾಣಲೆಯ ಕಡಲೆಯಂತೆ ಹುರಿದು ಇಳಿಸಿತು. ಮುಂದೆ ಮುಳ್ಳುಗಿಡಗಳ ನಡುವೆ ಸುಣ್ಣ ಬಳಿದ ಕಲ್ಲುಗಳು.

"ಇಲ್ಲಿ ಹಾಲ್, ಅಲ್ಲಿ ದೇವರಮನೆ," ಎಂದು ಮಡಿವಾಳಪ್ಪನವರು ಗಾಳಿಯಲ್ಲೇ ಮನೆ ಕಟ್ಟಿ, ರುದ್ರೇಶನತ್ತ ತಿರುಗಿದರು. "ಮದುವೆ ಆಗಿದ್ಯೇನಪ್ಪಾ?"

"ಇಲ್ಲ ಸಾರ್."

"ಸ್ವಂತ ಸೈಟ್ ಇಲ್ದೋನಿಗೆ ಯಾರು ಹೆಣ್ಣು ಕೊಡ್ತಾರೆ?"

ಅಷ್ಟರಲ್ಲಿ ಒಬ್ಬ ಟೈಧಾರಿ, ಯಜಮಾನರನ್ನು ಮೆಚ್ಚಿಸಲೆಂದು, ಒಂದು ಸೈಟಿಗೆ ಅಡ್ವಾನ್ಸ್ ಚೆಕ್ ಬರೆದ. ಆರ್ಡರ್ ಅವನ ಪಾಲಾಗುತ್ತದೆಂದು ಹೆದರಿ ಇನ್ನಿಬ್ಬರೂ ಬರೆದರು. ರುದ್ರೇಶ ದೇವರನ್ನು ನೆನೆದು ತಾನೂ ಬರೆದುಕೊಟ್ಟ.

"ಸಾರ್, ಇನ್ನು ನಿಮ್ಮ ವೆಬ್‌ಸೈಟ್ ವಿಚಾರ..."

ಮಡಿವಾಳಪ್ಪನವರು ಚೆಕ್ಕುಗಳನ್ನು ಜೇಬಿಗಿಳಿಸಿ ಆಫೀಸಿಗೆ ಫೋನ್ ಮಾಡಿದರು. "ಕೋಕಿಲಾ, ನಾಲ್ಕೂ ಹೋಯ್ತಮ್ಮ. ವೆಬ್‌ಸೈಟ್ ಆನ್ ಮಾಡ್ಬಿಡು. ನಾಳೆ ಬೆಳಿಗ್ಗೆ ಮರೀದೆ ಮತ್ತೆ ಆಫ್ ಮಾಡು."

ವೆಬ್‌ಸೈಟ್ ಮತ್ತೆ ಶುರುವಾಯಿತೆಂದು ನಾಲ್ಕು ಮೊಬೈಲುಗಳೂ ಒಟ್ಟಿಗೆ ಕುಂಯ್‌ಗುಟ್ಟಿದವು. ಪೆಚ್ಚಾಗಿ ನಿಂತ ಹುಡುಗರನ್ನು ಕಂಡು ಅವರಿಗೆ ಅಯ್ಯೋ ಎನಿಸಿತು. "ಪೇಪರ್‌ಗೆ ಜಾಹೀರಾತು ಕೊಟ್ಟು ಕೊಟ್ಟು ಸಾಕಾಗಿತ್ತು ಕಣ್ರಪ್ಪಾ. ಇದನ್ನ ಆಫ್ ಮಾಡಿದ್ರೆ ನಿಮ್ಮಂಥ ಓದಿದ ಗಿರಾಕಿಗಳೇ ಹುಡುಕ್ಕೊಂಡು ಬರ್ತಾರೆ."

ರುದ್ರೇಶ ಟೈ ಸಡಿಲಿಸಿಕೊಂಡ. "ಸಾರ್, ನಿಮ್ಮಲ್ಲಿ ಸೈಟ್ ಮಾರೋಕೆ ಜನ ಬೇಕಾ?"

"ಬೇಡಪ್ಪ," ಎಂದರು ಮಡಿವಾಳಪ್ಪನವರು ಅಕ್ಕರೆಯಿಂದ. "ನೋಡಿದ್ಯಲ್ಲ, ಅವೇ ಮಾರಾಟ ಆಗ್ತವೆ."