ಶಿಬಿರದಿಂದ ಮನಿಗೆ ಬಂದ ನಿರ್ಧಾರಗಳು

"ಅಕ್ಕೋರ, ನನ್ನ ಮಗಗ ಏನು ಮಾಡಿ ಕಳಿಸೀರಿ?" ಎಂದು ಯಾರಾದರೊಬ್ಬ ಅಪ್ಪ ಬಂದು ನನ್ನ ಮನೆಯ ಕಟ್ಟೆಯ ಮೇಲೆ ಕೂಡುವುದು ಇವತ್ತಿಗೂ ನಿಂತಿಲ್ಲ.

ನಾನು ಘಟಪ್ರಭಾದ ಮಿಶನ್ ಸಾಲಿಯಲ್ಲಿ ಕನ್ನಡ ಕಲಿಸುತ್ತಿದ್ದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ಪಾದ್ರಿಗಳು ಪ್ರತಿ ಬೇಸಿಗೆ ಹೊಳೆದಂಡೆಯ ಮಾವಿನ ತೋಪಿನಲ್ಲಿ ಮಕ್ಕಳ, ತರುಣರ ಶಿಬಿರ ಶುರುಮಾಡಿದರು. ಅಡಿಗೆ, ಹಾಡು, ನಾಟಕ ಮೂರೂ ನನ್ನ ಪಾಲಿಗೆ. ಕ್ರೈಸ್ತರ ಮಕ್ಕಳು ಒಂದಿಷ್ಟು ಇದ್ದರು. ಹೆಚ್ಚಿನವರು ಸುತ್ತಲಿನ ರೈತರ, ಕುರುಬರ ಮಕ್ಕಳು. ಅವರ ಅಪ್ಪ-ಅವ್ವಂದಿರು ಧರ್ಮ ಕರ್ಮ ಏನೂ ಕೇಳುತ್ತಿರಲಿಲ್ಲ. "ಬ್ಯಾಸಗಿ ರಜಾದಾಗ ಮನ್ಯಾಗ ತಲಿ ತಿಂತಾವ್ರಿ, ಕರಕೊಂಡು ಹೋಗ್ರಿ" ಎನ್ನುತ್ತಿದ್ದರು, ಅಷ್ಟೇ.

ಕೊನೆಯ ದಿನ ಪ್ರತಿಯೊಬ್ಬರೂ ಎದ್ದು ನಿಂತು ಒಂದು ನಿರ್ಧಾರ ಹೇಳಬೇಕು. ಪಾದ್ರಿಗಳು ಗಟ್ಟಿಯಾಗಿ ಹೇಳುತ್ತಿದ್ದರು: "ಬಸ್ಸು ಇಳಿಯೋ ತನಕ ಉಳಿಯೋದು ನಿರ್ಧಾರ ಅಲ್ಲ. ಊರಾಗ ಉಳೀಬೇಕು."

ಉಳಿದವು. ತೊಂದರೆ ಆದದ್ದೇ ಅಲ್ಲಿ.

ಎಮ್ಮಿ ಒದೀತೈತೇನು?

ಮೂಡಲಗಿಯ ಒಬ್ಬ ಹುಡುಗ "ಇನ್ನ ಮ್ಯಾಲೆ ಸುಳ್ಳು ಹೇಳಾಂಗಿಲ್ಲ" ಎಂದು ನಿರ್ಧಾರ ಮಾಡಿಕೊಂಡು ಹೋದ. ಬಹಳ ಚಲೋ ನಿರ್ಧಾರ. ಆದರೆ ಅವನ ಅಪ್ಪ ದನದ ವ್ಯಾಪಾರಿ.

ದನದ ಸಂತೆಯಲ್ಲಿ ಒಬ್ಬ ಗಿರಾಕಿ ಎಮ್ಮೆಯ ಬೆನ್ನು ಸವರುತ್ತ ಕೇಳಿದ, "ಸಾಧು ಐತೇನ್ರಿ?"

"ಕೂಸು ಬಂದು ಹಿಂಡಿದ್ರೂ ಅಲಗಾಡಂಗಿಲ್ರಿ" ಎಂದ ಅಪ್ಪ.

ಬಾಜೂಕ್ಕೆ ನಿಂತಿದ್ದ ಮಗ, "ಅಪ್ಪಾ, ಮೊನ್ನಿ ನಿನ್ನ ಒದ್ದು ಮೇವಿನ ಗ್ವಾದಲ್ಯಾಗ ಕೆಡವಿತ್ತಲ್ಲ?" ಎಂದ.

ಅಪ್ಪ ಹಲ್ಲು ಕಿರಿದು, "ಅದು ಪ್ರೀತೀಲೆ ಒದ್ದದ್ದು" ಎಂದು ತೇಲಿಸಿದ.

"ಹಾಲು ಹೆಂಗ್ರಿ?"

"ಒಂದೊಂದು ಹೊತ್ತಿಗೆ ಕೊಡ ತುಂಬತೈತಿ."

"ಕೊಡ ಬಾಳ ಸಣ್ಣದೈತ್ರಿ" ಎಂದ ಮಗ.

ಗಿರಾಕಿ ಎಮ್ಮೆಯನ್ನು ಬಿಟ್ಟು ಹುಡುಗನನ್ನು ಮೇಲಿಂದ ಕೆಳಗೆ ನೋಡಿದ. "ಎಮ್ಮಿ ಬ್ಯಾಡ್ರಿ. ಸೋಮವಾರ ನನ್ನ ಮಗಳಿಗೆ ನಿಮ್ಮೂರಾಗ ವರಾ ನೋಡಾಕ ಹೊಂಟೇವಿ. ಈ ಹುಡುಗನ್ನ ಒಂದಿವ್ಸ ಕಳಸ್ರಿ. ಮನ್ಯಾಗ ಕುಂಡ್ರಿಸಿ ನಾಕು ಮಾತು ಕೇಳಿದ್ರ ಸಾಕು, ವರನ ಹಣೇಬಾರಾ ಎಲ್ಲಾ ಹೊರಗ ಬರತೈತಿ."

ಆ ವರ್ಷದ ಲಗ್ನದ ಹಂಗಾಮಿನಲ್ಲಿ ಹುಡುಗನಿಗೆ ಬಿಡುವೇ ಸಿಗಲಿಲ್ಲ. ಅಪ್ಪ ನನ್ನ ಕಟ್ಟೆಗೆ ಬಂದು ತಲೆಗೆ ಸುತ್ತಿದ ಪಟಗಾ ಬಿಚ್ಚಿ ಇಟ್ಟು ಹೇಳಿದ: "ಸಂತಿಗೆ ಎಮ್ಮಿ ಹೊಡಕೊಂಡು ಹೋದ್ರ, ಎಮ್ಮಿ ಮನಿಗೆ ಬಂತ್ರಿ ಅಕ್ಕೋರ. ಮಗ ಖರ್ಚಾದ."

ಒಳ್ಳೇದು ಮಾಡಿದವನ ಮೇಲೆ ಫಿರ್ಯಾದಿ

ಮಮದಾಪುರದ ಒಬ್ಬ ತರುಣನಿಗೂ ಅವನ ಹೊಲದ ಬಾಜೂದವನಿಗೂ ನೀರಿನ ಪಾಳಿಯ ಮೇಲೆ ವೈರ. ಅಪ್ಪಂದಿರ ಕಾಲದಿಂದ ಬಂದದ್ದು, ಇಬ್ಬರೂ ಜತನದಿಂದ ಕಾಪಾಡಿಕೊಂಡಿದ್ದರು. ತರುಣ ಶಿಬಿರದಲ್ಲಿ, "ವೈರಿಗೆ ಒಳ್ಳೇದು ಮಾಡತೇನಿ" ಎಂದು ನಿರ್ಧರಿಸಿದ.

ಊರಿಗೆ ಹೋದವನೇ ಕೆಲಸಕ್ಕೆ ನಿಂತ. ವೈರಿಯ ಒಡೆದ ಬದು ಕಟ್ಟಿದ. ಅವನ ಎತ್ತಿನ ಮುಂದೆ ಹಸಿ ಮೇವು ಹಾಕಿದ. ಎದುರಿಗೆ ಸಿಕ್ಕಾಗ "ಶರಣ್ರಿ ಕಾಕಾ" ಎಂದ. ಕಾಕಾನಿಗೆ ಅನ್ನ ಸೇರದಾಯಿತು. ಕಡೆಗೆ ಊರ ಪೊಲೀಸ ಪಾಟೀಲರ ಹತ್ತಿರ ಓಡಿದ.

"ಗೌಡ್ರ, ನನ್ನ ಜೀವಕ್ಕ ಧೋಕಾ ಐತ್ರಿ."

"ಏನು ಮಾಡಿದ ಅಂವ?"

"ಬದು ಕಟ್ಟಿದ್ರಿ. ಮೇವು ಹಾಕಿದ್ರಿ." ಕಾಕಾ ಸುತ್ತ ನೋಡಿ ದನಿ ಇಳಿಸಿದ. "ನಿನ್ನಿ ನನ್ನ ನೋಡಿ ನಕ್ಕಾನ್ರಿ!"

ಪಾಟೀಲರು ತರುಣನನ್ನು ಕರೆಸಿದರು. "ಒಳ್ಳೇದು ಮಾಡೋದು ಬಿಡು. ಅಂವ ಅಂಜಿ ಸಾಯಾಕತ್ತಾನ."

"ಬಿಡಾಂಗಿಲ್ರಿ. ನಿರ್ಧಾರ ಮಾಡೇನಿ."

"ಹಂಗಾರ ನಡನಡುವ ಒಂದೀಟು ಬೈದು ಬಿಡೋ ಮಾರಾಯಾ. ಅವಂಗ ಸಮಾಧಾನ ಆಗತೈತಿ."

ತರುಣ ಬಹಳ ಹೊತ್ತು ವಿಚಾರ ಮಾಡಿದ. ಬೈದರೆ ವೈರಿಗೆ ಸಮಾಧಾನ ಆಗುವುದಾದರೆ, ಬೈಯುವುದೂ ಒಳ್ಳೆಯದು ಮಾಡಿದಂತೆಯೇ ಎಂದು ತೀರ್ಮಾನಿಸಿದ. ನೆಟ್ಟಗೆ ಹೋಗಿ ಬದುವಿನ ಮೇಲೆ ನಿಂತು ಕಾಕಾನನ್ನೂ ಕಾಕಾನ ಅಪ್ಪನನ್ನೂ ಮನಸಾರೆ ಬೈದ. ಕಾಕಾನ ಮುಖಕ್ಕೆ ಕಳೆ ಬಂತು. ಅವನೂ ಹುರುಪಿನಿಂದ ತಿರುಗಿ ಬೈದ. ಬೈದು ಬೈದು ಇಬ್ಬರಿಗೂ ಗಂಟಲು ಒಣಗಿದಾಗ ಕಾಕಾ ತನ್ನ ಮಜ್ಜಿಗೆ ಗಡಿಗೆ ಮುಂದೆ ಸರಿಸಿದ.

"ಕುಡಿ. ಒಳ್ಳೇದು ಮಾಡೂದರಾಗ ಏನಿಲ್ಲ, ಬೈಯೂದರಾಗ ಮಾತ್ರ ನಿಮ್ಮಪ್ಪನ ಕೈ ಐತಿ ನಿನಗ."

ದೇವರಿಗೆ ಪುರುಸೊತ್ತೈತಿ

ಶಿಬಿರದಲ್ಲಿ ಹುಡುಗರು ಹುಡುಗಿಯರು, ಬಡಿಸಿದವರು ತೊಳೆದವರು, ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. ದೇವರಿಗೆ ಉಪಕಾರ ಹೇಳುವ ತನಕ ಯಾರೂ ತುತ್ತಿಗೆ ಕೈ ಹಾಕುವಂತಿಲ್ಲ. ಒಬ್ಬ ಕುರುಬರ ಹುಡುಗಿ ಇದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಮುಂದೆ ಕೆಲವು ವರ್ಷಕ್ಕೆ ಲಗ್ನವಾಗಿ ಕೌಜಲಗಿಯ ದೊಡ್ಡ ಮನೆ ಸೇರಿದಳು.

ಆ ಮನೆಯಲ್ಲಿ ಗಂಡಸರು ಉಂಡು ಎದ್ದ ಮೇಲೆ ಹೆಂಗಸರು. ಎಲ್ಲರದೂ ಆದ ಮೇಲೆ ಅತ್ತೆ. ಲಗ್ನವಾಗಿ ಬಂದಾಗಿನಿಂದ ಆ ಮುದುಕಿ ಬಿಸಿ ರೊಟ್ಟಿ ಬಡಿದದ್ದೇ ಹೊರತು ತಿಂದದ್ದಿಲ್ಲ.

ಅಮಾಸಿಯ ದಿನ ಸೊಸೆ ಕೇಳಿದಳು, "ಮಾವಾರ, ಉಣ್ಣೂಕಿಂತ ಮೊದಲ ದೇವರಿಗೆ ಎರಡು ಮಾತು ಹೇಳ್ಲೇನ್ರಿ?"

ಮಾವ ಭಕ್ತಿವಂತ. "ಹೇಳವ್ವಾ, ಹೇಳು" ಎಂದ.

ಸೊಸೆ ಕಣ್ಣು ಮುಚ್ಚಿ ನಿಂತಳು. ಮಳೆಗೆ ಉಪಕಾರ ಹೇಳಿದಳು. ಎರೆ ಹೊಲಕ್ಕೆ ಹೇಳಿದಳು. ಆಮೇಲೆ ಹಿಂಡಿನ ಕುರಿಗಳಿಗೆ ಒಂದೊಂದಾಗಿ, ಹೆಸರು ಹಿಡಿದು ಹೇಳತೊಡಗಿದಳು. ಗಂಡಸರ ಕೈ ಪಲ್ಯದ ಮೇಲೆಯೇ ನಿಂತಿತ್ತು. ದೇವರ ಮಾತಿನ ನಡುವೆ ಉಣ್ಣುವ ಧೈರ್ಯ ಯಾರಿಗಿದೆ?

"...ದೇವ್ರಾ, ನಮ್ಮತ್ತಿ ಒಲಿ ಮುಂದ ಇನ್ನೂ ಹಸದು ಕುಂತಾಳ. ಆಕಿ ಬಂದು ಈ ಸಾಲಿನ್ಯಾಗ ಕುಂಡ್ರೂ ತನಕ ನಾ ನಿನ್ನ ನೆನೀತಿರತೇನಿ" ಎಂದು ಹೇಳಿ, ಮತ್ತೆ ಮೊದಲನೆಯ ಕುರಿಯಿಂದ ಹಿಡಿದಳು.

ಮಾವ ತಡೆದುಕೊಂಡ, ತಡೆದುಕೊಂಡ, ಕಡೆಗೆ ಚೀರಿದ: "ಏ, ನಿಮ್ಮವ್ವನ್ನ ಎಳಕೊಂಡು ಬರ್ರೋ! ದೇವರಿಗೆ ಪುರುಸೊತ್ತೈತಿ, ನನಗಿಲ್ಲ!"

ಅತ್ತೆ ಬಂದಳು, ನಾಚಿಕೊಂಡು ಮೂಲೆಯಲ್ಲಿ ಕೂತಳು, ತುಪ್ಪ ಹಚ್ಚಿದ ಬಿಸಿ ರೊಟ್ಟಿ ತಿಂದಳು. ಇಂಥ ಪದ್ಧತಿ ಮನೆತನಕ್ಕೆ ಶೋಭೆಯಲ್ಲ ಎಂದು ಸಂಜೆ ತನಕ ವಟಗುಟ್ಟಿದಳು. ಮರುದಿನ ಊಟದ ಹೊತ್ತಿಗೆ ಎಲ್ಲರಿಗಿಂತ ಮೊದಲು ಬಂದು ಕೂತು ಸೊಸೆಯನ್ನು ಕರೆದಳು:

"ಯಾಕ ತಡಾ ಮಾಡಾಕತ್ತೀ? ಲಗೂನ ಕಣ್ಣು ಮುಚ್ಚು, ರೊಟ್ಟಿ ಆರತೈತಿ."

ಕೊಬ್ಬಿದ ಕರಾ

ಒಂದು ವರ್ಷ ಶಿಬಿರದಲ್ಲಿ, ಬೈಬಲ್ಲಿನಲ್ಲಿ ಬರುವ, ಮನೆ ಬಿಟ್ಟು ಹೋಗಿ ತಿರುಗಿ ಬಂದ ಮಗನ ಕಥೆಯನ್ನು ನಾಟಕ ಆಡಿಸಿದೆ. ಮಗ ಕಾಲಿಗೆ ಬೀಳುತ್ತಾನೆ, ಅಪ್ಪ ಓಡಿ ಬಂದು ತಬ್ಬಿಕೊಳ್ಳುತ್ತಾನೆ, ಆಕಳ ಕೊಬ್ಬಿದ ಕರಾ ಕಡಿದು ಊಟ ಹಾಕಿಸುತ್ತಾನೆ, ಅಣ್ಣ ಮುಖ ಊದಿಸಿಕೊಂಡು ಹೊರಗೆ ನಿಲ್ಲುತ್ತಾನೆ. ಮಗನ ಪಾತ್ರ ಮಾಡಿದವನು ಹುಕ್ಕೇರಿ ಕಡೆಯ ಹುಡುಗ. ನೋಡಲು ಬಂದಿದ್ದ ಅವನ ಅಪ್ಪನೂ ಸೆರಗಿನಲ್ಲಿ ಕಣ್ಣೊರೆಸುವ ಹೆಂಗಸರ ನಡುವೆ ಗಂಟಲು ಸರಿಮಾಡಿಕೊಂಡಿದ್ದ.

ಹುಡುಗನ ನಿರ್ಧಾರ ಬೇರೆಯೇ ಇತ್ತು: ದವಾಖಾನೆಯಲ್ಲಿ ಕೆಲಸ ಕಲಿತು ಗಾಯ ಹೊಲಿದು ಮದ್ದು ಹಚ್ಚುವುದು. ದೊಡ್ಡವನಾದ ಮೇಲೆ ಅಪ್ಪನ ಮುಂದೆ ಹೇಳಿದ. "ಕಬ್ಬು ಯಾರ ನೋಡಬೇಕು?" ಎಂದ ಅಪ್ಪ. ಮಾತಿಗೆ ಮಾತು ಬೆಳೆಯಿತು. ಮಗ ಘಟಪ್ರಭಾದಲ್ಲಿ ರೈಲು ಹತ್ತಿ ಕೊಲ್ಲಾಪುರಕ್ಕೆ ಹೋಗಿ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುತ್ತ ಉಳಿದ. ಅವನ ಅವ್ವ ಅತ್ತದ್ದು ನನಗೆ ಗೊತ್ತು.

ಕಬ್ಬು ಕಡಿಯುವ ಕಾಲಕ್ಕೆ ಅವನು ನಮ್ಮ ಸ್ಟೇಶನ್ನಿನಲ್ಲಿ ಇಳಿದು ಸೀದಾ ನನ್ನ ಮನೆಗೆ ಬಂದ. ಸೊರಗಿ ಬಡವಾಗಿದ್ದ. "ಅಕ್ಕೋರ, ಮನಿಗೆ ಹೊಂಟೇನಿ. ಒಬ್ಬನ ಹೋಗಾಕ ಅಂಜಿಕಿ ಬರತೈತಿ."

ಇಬ್ಬರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾಟಕದ ಮಾತನ್ನೇ ಬಾಯಿಪಾಠ ಮಾಡಿದ. "ಅಪ್ಪ ನಾಟಕ ನೋಡ್ಯಾನ್ರಿ. ಮುಂದ ಏನ ಮಾಡಬೇಕು ಅವಂಗ ಗೊತ್ತೈತಿ" ಎಂದು ತಾನೇ ಧೈರ್ಯ ತಂದುಕೊಂಡ.

ಅಪ್ಪ ಕಬ್ಬಿನ ಹೊಲದಲ್ಲಿದ್ದ. ನಮ್ಮನ್ನು ನೋಡಿ ಓಡಿ ಬರಲಿಲ್ಲ. ಪಟಗಾದ ಸೆರಗಿನಿಂದ ಮುಖ ಒರೆಸಿಕೊಂಡ. ಬೆವರಿಗಿಂತ ಸ್ವಲ್ಪ ಹೆಚ್ಚು ಹೊತ್ತೇ ಒರೆಸಿಕೊಂಡ. ಮಗ ಕಾಲಿಗೆ ಬಿದ್ದ.

"ಅಪ್ಪಾ, ನಿನ್ನ ಮಗಾ ಅಂತ ಹೇಳ್ಕೊಳ್ಳಾಕ ನನಗ ಮಾರಿ ಇಲ್ಲ. ಒಬ್ಬ ಕೂಲಿ ಆಳ ಅಂತ ಇಟ್ಕೋ."

ಅಪ್ಪನಿಗಿಂತ ಮೊದಲು ಅಣ್ಣ ಓಡಿ ಬಂದ. ಮುಖ ಊದಿಸಲಿಲ್ಲ. ತಮ್ಮನನ್ನು ಗಟ್ಟಿಯಾಗಿ ತಬ್ಬಿಕೊಂಡು ಅತ್ತ. ಅಳುತ್ತಲೇ ತನ್ನ ಕೈಯ, ಕಬ್ಬು ಕಡಿಯುವ ಕೊಯ್ತಾವನ್ನು ತಮ್ಮನ ಕೈಗೆ ತುರುಕಿದ: "ನಿನ್ನ ಪಾಲಿಂದೂ ಕಡದು ಕಡದು ನನ್ನ ರಟ್ಟಿ ಬಿದ್ದ ಹೋದುವೋ ತಮ್ಮಾ!"

ಹುಡುಗ ಕೊಯ್ತಾ ಹಿಡಿದು ಕಕ್ಕಾಬಿಕ್ಕಿಯಾದ. "ಅಪ್ಪಾ, ಕಥಿ ಹಿಂಗಿಲ್ಲಲಾ. ಕೊಬ್ಬಿದ ಕರಾ ಕಡೀಬೇಕಲಾ?"

"ನಮ್ಮ ಮನ್ಯಾಗ ಕರಾ ಕಡ್ಯಾಂಗಿಲ್ಲ" ಎಂದ ಅಪ್ಪ. "ಕಬ್ಬು ಕಡೀತೇವಿ. ಕೂಲಿ ಆಳ ಅಂದೀ, ಹೌದಿಲ್ಲೋ? ಆ ಸಾಲು ಹಿಡಿ."

ಅವತ್ತು ಅವ್ವ ಹೋಳಿಗೆ ಮಾಡಿದಳು ಅನ್ನುವುದು ಖರೆ. ಆದರೆ ಮರುದಿನ ಮತ್ತೆ ಕಬ್ಬು. ಅಂಗೈ ತುಂಬ ಬೊಬ್ಬೆ ಬಂದವು. ಪ್ರತಿ ಸಂಜೆ ಹುಡುಗ, "ಅಪ್ಪಾ, ದವಾಖಾನಿ?" ಎನ್ನುತ್ತಿದ್ದ. ಪ್ರತಿ ಸಂಜೆ ಅಪ್ಪ, "ಇನ್ನೂ ಸಾಲು ಉಳದಾವು" ಎನ್ನುತ್ತಿದ್ದ. ಮಗ ಹಟ ಬಿಡಲಿಲ್ಲ, ಅಪ್ಪನೂ ಬಿಡಲಿಲ್ಲ.

ಕಡೆಯ ಸಾಲು ಮುಗಿದ ಮರುದಿನ ಅಪ್ಪ ಯಾರಿಗೂ ಹೇಳದೆ ಬಂಡಿ ಹೂಡಿದ. ಮಗನಿಗೆ ಹೊಸ ಅಂಗಿ ತೊಡಿಸಿ ಘಟಪ್ರಭಾದ ದವಾಖಾನೆಗೆ ಕರೆತಂದ. ನನ್ನನ್ನೂ ಕರೆಸಿದ. ಡಾಕ್ಟರು ಹುಡುಗನ ಬೊಬ್ಬೆಯ ಕೈ ನೋಡಿ, "ಇವಂಗ ಏನು ಕೆಲಸ ಬರತೈತ್ರಿ?" ಎಂದು ಕೇಳಿದರು.

ನಾನು ಶಿಬಿರ, ಸೇವೆ, ನಿರ್ಧಾರ ಎಂದೆಲ್ಲ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಮುಂದೆ ಬಂದು ಕೈ ಮುಗಿದ.

"ಡಾಕ್ಟರ್ ಸಾಹೇಬ್ರ, ಕಡ್ಯಾಕ ನಾ ಕಲಿಸೇನಿ. ಹೊಲ್ಯಾಕ ನೀವು ಕಲಸ್ರಿ."