ಹುದ್ದೆಗೆ ತಕ್ಕ ಮಂಡಿ ಕವಚ

ಸಂಖ್ಯೆ: ಗ.ಕ.ತ/ಸೈ.ಗ/ಮಂ.ಕ/17/2025-26
ಉಪ ನಿರ್ದೇಶಕರ ಕಚೇರಿ (ಗಡಿಕಲ್ಲು ತಪಾಸಣೆ), ಕಡೂರು
ದಿನಾಂಕ: 21-11-2025

ಸುತ್ತೋಲೆ

ವಿಷಯ: ಗುಡ್ಡದ ಸೈಕಲ್ ಗಸ್ತಿನಲ್ಲಿರುವ ದಪ್ಪ ಕಾಲಿನ ನೌಕರರಿಗೆ ಹಿಡಿಸುವ ಮಂಡಿ ಕವಚ ಒದಗಿಸುವ ಕುರಿತು.

ಉಲ್ಲೇಖ:
1. ಕುರ್ಚಿ, ಮೇಜು ಮತ್ತು ಸ್ಟೂಲ್ ಹಂಚಿಕೆಯ ಸ್ಥಾಯಿ ಆದೇಶ, 1987.
2. ಗುಡ್ಡದ ಸೈಕಲ್ ಗಸ್ತು ಸುರಕ್ಷತಾ ಸೂಚನೆಗಳು, ಜೂನ್ 2025.
3. ಶ್ರೀಮತಿ ದುರ್ಗಮ್ಮ, ಗ್ರೂಪ್ ‘ಡಿ’, ಇವರ ಮನವಿ, ದಿನಾಂಕ 17-11-2025.
4. ಉಪ ನಿರ್ದೇಶಕರ ಮೌಖಿಕ ಮಾತು, ದಿನಾಂಕ 4-11-2025 (ಕಡತದಲ್ಲಿ ಲಭ್ಯವಿಲ್ಲ).

ಪ್ರಸ್ತಾವನೆ:

ದಿನಾಂಕ 4-11-2025, ಮಂಗಳವಾರ, ಬೆಳಗ್ಗೆ 7 ಗಂಟೆ 40 ನಿಮಿಷಕ್ಕೆ ಹಿರೇನಲ್ಲೂರಿನ ಆಚೆಯ ಗುಡ್ಡದ ಇಳಿಜಾರಿನಲ್ಲಿ ಶ್ರೀಮತಿ ದುರ್ಗಮ್ಮ ಸೈಕಲ್ಲಿನಿಂದ ಬಿದ್ದರು. ಎಡಮಂಡಿಗೆ ಮೂರು ಹೊಲಿಗೆ ಹಾಕಲಾಗಿದೆ. ಸೈಕಲ್ಲಿಗೆ ಏನೂ ಆಗಿಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಲಾಗಿದೆ.

ಸದರಿ ನೌಕರರಿಗೆ ಮೂವತ್ತೆರಡು ವರ್ಷ. ಗುಡ್ಡದ ಮೇಲಿನ ಗಡಿಕಲ್ಲುಗಳನ್ನು ಎಣಿಸಿ, ಇದ್ದಲ್ಲೇ ಇವೆಯೇ ಎಂದು ನೋಡಿ, ಗಸ್ತು ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ಇದಕ್ಕೆಂದು ಕಳೆದ ಜೂನ್‌ನಲ್ಲಿ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಿಗೆ ಗೇರ್ ಇರುವ ಹದಿನಾಲ್ಕು ಸೈಕಲ್ಲುಗಳು ಬಂದವು. ಅದಕ್ಕೂ ಮುಂಚೆ ಅವರು ಆರು ವರ್ಷ ಕಡೂರಿನ ದಾಖಲೆ ಕೊಠಡಿಯಲ್ಲಿ ಕಡತ ಕಟ್ಟುತ್ತಿದ್ದರು. ಗಸ್ತಿನ ಹದಿನಾಲ್ಕು ಮಂದಿಯಲ್ಲಿ ಎಲ್ಲೂ ಕಾಲೂರದೆ ಗುಡ್ಡದ ತುದಿ ಮುಟ್ಟಿದವರು ಇವರೊಬ್ಬರೇ ಎಂದು ಗಸ್ತು ಪುಸ್ತಕದಿಂದ ಕಂಡುಬರುತ್ತದೆ. ಉಳಿದ ಹದಿಮೂರು ಮಂದಿಯ ಪುಸ್ತಕದ ಹಾಳೆಗಳ ಮೇಲೆ ಟೀ ಲೋಟದ ಗುರುತುಗಳಿವೆ.

ಬಿದ್ದ ಸಮಯದಲ್ಲಿ ಇಲಾಖೆ ನೀಡಿದ ಮಂಡಿ ಕವಚಗಳು (ಜನರ ಬಾಯಲ್ಲಿ ನೀ ಪ್ಯಾಡ್) ಅವರ ಬೆನ್ನಿನ ಚೀಲದಲ್ಲಿದ್ದವು. ಕವಚಗಳಿಗೂ ಏನೂ ಆಗಿಲ್ಲ. ಮಂಡಿಯ ಮೇಲಿರಬೇಕಾದ ವಸ್ತು ಚೀಲದಲ್ಲಿ ಏಕಿತ್ತು ಎಂಬ ಬಗ್ಗೆ ವಿಚಾರಣೆ ನಡೆಸಿ ಹೇಳಿಕೆಗಳನ್ನು ಹೇಳಿದ್ದು ಹೇಳಿದಂತೆಯೇ ಬರೆದುಕೊಳ್ಳಲಾಗಿದೆ.

ಶ್ರೀಮತಿ ದುರ್ಗಮ್ಮ: “ಹಾಕ್ಕಂಡಿಲ್ಲ ಹಾಕ್ಕಂಡಿಲ್ಲ ಅಂತ ಬಯ್ತೀರಲ್ಲ ಸಾ, ಹಾಕ್ಕಣಕ್ಕೆ ಅದು ಬರ್ಬೇಕಲ್ಲ? ಪಟ್ಟಿ ಎಳುದ್ರೆ ಅರ್ಧ ದಾರೀಲೇ ನಿಂತ್ಕಂತದೆ. ನಮ್ಮತ್ತೆ ಕರಿಬಸಮ್ಮ ನೋಡ್ಬುಟ್ಟು, ‘ಇದ್ಯಾರ ಮಗೀಗೆ ಕಣೇ ಟೋಪಿ ತಂದಿರಾದು’ ಅಂದ್ರು.”

ಕಾಲು ಯಾವಾಗಿನಿಂದ ಈ ಸ್ಥಿತಿಯಲ್ಲಿದೆ ಎಂಬ ಪ್ರಶ್ನೆಗೆ: “ಹುಟ್ಟುದಾಗಿಂದ್ಲೂ ನನ್ ಕಾಲು ಹಿಂಗೇ ಅವೆ ಸಾ. ಇವೇ ಅಲ್ವಾ ಗುಡ್ಡ ಹತ್ತಾವು?” ಈ ಉತ್ತರವನ್ನು ವಿಷಯಕ್ಕೆ ಸಂಬಂಧಿಸಿಲ್ಲವೆಂದು ಹೊಡೆದುಹಾಕಿ, ಮರುದಿನ ಸಂಬಂಧಿಸಿದೆಯೆಂದು ಮತ್ತೆ ಬರೆಯಲಾಗಿದೆ.

ಶ್ರೀ ಸುದರ್ಶನ, ಉಗ್ರಾಣ ಪಾಲಕರು: “ಪೆಟ್ಟಿಗೇಲಿ ನಾಕು ಸೈಜ್ ಬಂತು ಸಾರ್. ಯಾವ್ದು ಯಾರಿಗೆ ಅಂತ ಒಂದ್ ಚೀಟಿ ಇರ್ಲಿಲ್ಲ. ಕುರ್ಚಿ ಹಂಚೋ ಆದೇಶ ನೋಡ್ಕೊಂಡು ಹಂಚ್ದೆ. ಸಾಹೇಬ್ರಿಗೆ ಚಿಕ್ಕುದು ಕೊಟ್ಟು ದುರ್ಗಮ್ಮಂಗೆ ದೊಡ್ಡುದು ಕೊಟ್ಟಿದ್ರೆ ನೀವು ನನ್ನ ಸುಮ್ನೆ ಬಿಡ್ತಿದ್ರಾ?” ಕೊನೆಯ ಪ್ರಶ್ನೆಯ ಕೆಳಗೆ ವಿಚಾರಣಾಧಿಕಾರಿಗಳು ಸಹಿ ಹಾಕಿದ್ದಾರೆ.

ಉಲ್ಲೇಖ (1)ರ ಪ್ರಕಾರ ಗ್ರೂಪ್ ‘ಎ’ಗೆ ಕೈಯುಳ್ಳ ತಿರುಗುಕುರ್ಚಿ, ‘ಬಿ’ಗೆ ಕೈಯುಳ್ಳ ತಿರುಗದ ಕುರ್ಚಿ, ‘ಸಿ’ಗೆ ಕೈಯಿಲ್ಲದ ಕುರ್ಚಿ, ‘ಡಿ’ಗೆ ಸ್ಟೂಲ್. ಇದೇ ಕ್ರಮದಲ್ಲಿ ಅತಿ ದೊಡ್ಡ, ದೊಡ್ಡ, ಮಧ್ಯಮ ಮತ್ತು ಸಣ್ಣ ಕವಚಗಳನ್ನು ವಿತರಿಸಲಾಗಿದೆ. ವಿತರಣೆಯಲ್ಲಿ ಯಾವ ಲೋಪವೂ ಆಗಿಲ್ಲ ಎಂದು ಮೂರು ತಾಲ್ಲೂಕುಗಳಿಂದಲೂ ವರದಿ ಬಂದಿದೆ.

ಅತಿ ದೊಡ್ಡ ಅಳತೆಯ ಒಂದೇ ಒಂದು ಜೊತೆ ಉಪ ನಿರ್ದೇಶಕರಾದ ಶ್ರೀ ಶ್ರೀನಿವಾಸಮೂರ್ತಿ ಅವರಿಗೆ ಸಂದಿತು. ಅವರ ತೂಕ ಐವತ್ತೊಂದು ಕೆ.ಜಿ. ಜೂನ್ 9ರಂದು ತರೀಕೆರೆಯಲ್ಲಿ ಗಸ್ತು ಉದ್ಘಾಟಿಸುವಾಗ ಆ ಕವಚಗಳು ಮೊದಲ ತುಳಿತಕ್ಕೆ ಕಣಕಾಲಿಗೂ ಎರಡನೆಯ ತುಳಿತಕ್ಕೆ ಪೆಡಲ್ಲಿಗೂ ಇಳಿದವು. ಅಂದಿನ ವರದಿಯಲ್ಲಿ ‘ಉಪ ನಿರ್ದೇಶಕರು ಸೈಕಲ್ ತಳ್ಳಿಕೊಂಡು ನಡೆಯುವ ಮೂಲಕ ಗಸ್ತಿಗೆ ಚಾಲನೆ ನೀಡಿದರು’ ಎಂದಿದೆ. ಅಂದಿನಿಂದ ಆ ಜೊತೆ ಕಚೇರಿಯ ಬೀರುವಿನಲ್ಲಿದೆ.

ಅಪಘಾತದ ಸುದ್ದಿ ತಿಳಿದ ಸಂಜೆಯೇ ಉಪ ನಿರ್ದೇಶಕರು, “ನನ್ ಜೊತೆ ಬೀರುನಲ್ಲಿ ಸುಮ್ನೆ ಬಿದ್ದಿದೆ ಕಣ್ರೀ. ತಗೊಂಡೋಗಿ ಆ ಹೆಣ್ಮಗಳಿಗೆ ಕೊಟ್ಬಿಡಿ. ಇದಕ್ಕೂ ಒಂದು ಕಡತ ಯಾಕೆ?” ಎಂದು ಮೌಖಿಕವಾಗಿ ತಿಳಿಸಿದರು. ಮೌಖಿಕ ಮಾತಿಗೆ ಸಂಖ್ಯೆ ಇರುವುದಿಲ್ಲ. ಆದ್ದರಿಂದ ಕಡತ ತೆರೆಯಲಾಯಿತು.

ಹೊಲಿಗೆ ಬಿಚ್ಚಿದ ಮರುದಿನವೇ ಶ್ರೀಮತಿ ದುರ್ಗಮ್ಮ ತಾವಾಗಿಯೇ ಮೂರೂ ತಾಲ್ಲೂಕುಗಳಲ್ಲಿ ಹುಡುಕಿದ್ದಾರೆ. ಕಡೂರಿನ ಆಟದ ಸಾಮಾನಿನ ಅಂಗಡಿಯಲ್ಲಿ ವಾಲಿಬಾಲಿನವರು ಹಾಕುವಂಥದ್ದು ಸಿಕ್ಕಿದ್ದು, ಅದು ಮೀನಖಂಡದವರೆಗೆ ಬಂದು ಮುಂದೆ ಹೋಗಲಿಲ್ಲ. ಅಜ್ಜಂಪುರದ ಮೆಡಿಕಲ್ ಶಾಪಿನವರು ನೋವಿನ ಪಟ್ಟಿ ಕೊಟ್ಟರು. ತರೀಕೆರೆಯ ಸೈಕಲ್ ಅಂಗಡಿಯವರು ಮೂರು ಎಕ್ಸ್ ಎಂದು ಬರೆದ ಡಬ್ಬಿಯನ್ನೇ ತೆರೆದು, “ಅಕ್ಕಾ, ಬರ್ದಿರಾದೇನೋ ಮೂರು ಎಕ್ಸು. ಇದ ಮಾಡ್ದೋರ ಊರಲ್ಲಿ ಜನದ ಕಾಲು ಕಡ್ಡಿ ಇದ್ದಂಗೆ ಇರ್ಬೇಕು” ಎಂದರು. ವಾಪಸು ಬರುವ ದಾರಿಯಲ್ಲಿ ಅಮೃತಾಪುರದ ಬಳಿ ಟ್ರ್ಯಾಕ್ಟರ್ ಸೀಟು ಹೊಲಿಯುವ ಶ್ರೀ ಗಿರಿಯಪ್ಪ ಅವರು ದಾರ ಹಿಡಿದು ಕಾಲನ್ನು ಅಳೆದರು. ಮಂಡಿಯ ಕೆಳಗೆ 47 ಸೆಂ.ಮೀ., ಮೇಲೆ 58 ಸೆಂ.ಮೀ. ಈ ಪ್ರಕರಣದಲ್ಲಿ ಕಾಲನ್ನು ಅಳೆದ ಮೊದಲ ವ್ಯಕ್ತಿ ಇವರು. “ಎಲ್ಡ್ ದಿನ ಟೇಮ್ ಕೊಡವ್ವ, ಸೀಟಿನ ಸ್ಪಂಜು ಹಾಕಿ ಹೊಲ್ದುಕೊಡ್ತೀನಿ. ಬಂಡೆ ಮೇಲೆ ಬಿದ್ರೂ ನೀನು ಕುಂತಂಗಿರ್ತದೆ” ಎಂದು ಅವರು ಹೇಳಿದ್ದು, ಕಂಪನಿಯ ಮುದ್ರೆ ಇಲ್ಲದ ಕವಚ ಕವಚವಲ್ಲ ಎಂಬ ಕಾರಣಕ್ಕೆ ಅನುಮತಿ ನೀಡಿಲ್ಲ.

ಉಲ್ಲೇಖ (2)ರ 9ನೇ ಸೂಚನೆಯಂತೆ, ಅಪಘಾತವಾದ ಇಪ್ಪತ್ತು ದಿನಗಳಲ್ಲಿ, ಅಂದರೆ ದಿನಾಂಕ 24-11-2025ರ ಸೋಮವಾರ ಬೆಳಗ್ಗೆ 10.30ರೊಳಗೆ ಇಲಾಖೆಯ ಕವಚವನ್ನು ಮಂಡಿಯ ಮೇಲೆ ಧರಿಸಿ ಕಡೂರು ಕಚೇರಿಯಲ್ಲಿ ಹಾಜರಾಗದಿದ್ದಲ್ಲಿ ಸದರಿ ನೌಕರರು ಸೈಕಲ್ ಒಪ್ಪಿಸಿ ದಾಖಲೆ ಕೊಠಡಿಗೆ ಮರಳಬೇಕಾಗುತ್ತದೆ. ಈ ಬಗ್ಗೆ ಅವರು ಮನವಿಯಲ್ಲಿ ಹೀಗೆ ಬರೆದಿದ್ದಾರೆ: “ಕಡತ ಕಟ್ಟಕ್ಕೆ ಯಾರಾದ್ರೂ ಸಿಗ್ತಾರೆ. ಗುಡ್ಡದ ತುದೀಲಿ ಒಂದು ಗಳಿಗೆ ನಿಂತ್ರೆ ಕಡೂರಿನ ತನಕ ಹೊಲ ಕಾಣ್ತವೆ. ಆ ಕೊಠಡೀಲಿ ಗ್ವಾಡೆ ಕಾಣ್ತದೆ. ನನ್ನ ಸೈಕಲ್ ಕಿತ್ಕಬ್ಯಾಡಿ.” ಮನವಿಯು ನಿಗದಿತ ನಮೂನೆಯಲ್ಲಿಲ್ಲ. ಆದರೂ ಓದಲಾಗಿದೆ.

ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಸಂಬಂಧಪಟ್ಟ ಎಲ್ಲರಿಗೂ ಈ ಕೆಳಕಂಡಂತೆ ತಿಳಿಯಪಡಿಸಿದೆ:

1. ಇನ್ನು ಮುಂದೆ ಕವಚ ವಿತರಿಸುವ ಮೊದಲು ಕಾಲನ್ನು ಅಳೆಯತಕ್ಕದ್ದು. ಅಳತೆಯು ನೌಕರರ ಸ್ವಂತ ಕಾಲಿನದೇ ಆಗಿರತಕ್ಕದ್ದು. ಅನಿವಾರ್ಯ ಕಾರಣದಿಂದ ಬರಲಾಗದವರು ಕಾಲನ್ನು ಬೇರೆಯವರ ಮೂಲಕ ಕಳುಹಿಸಲು ಅವಕಾಶವಿರುವುದಿಲ್ಲ.

2. ಕಚೇರಿಯಲ್ಲಿರುವುದು ಜಮೀನು ಅಳೆಯುವ ಮೂವತ್ತು ಮೀಟರಿನ ಟೇಪು. ಅದರ ಮೊದಲ ಒಂದು ಮೀಟರು ಹರಿದುಹೋಗಿದೆ. ಅಜ್ಜಂಪುರದಿಂದ ಬಂದ ಪ್ರಾಯೋಗಿಕ ವರದಿಯಲ್ಲಿ ಐವರು ನೌಕರರ ಮೀನಖಂಡ ತಲಾ 1 ಮೀಟರು 36 ಸೆಂ.ಮೀ. ಎಂದು ನಮೂದಾಗಿದ್ದು, ಅದಕ್ಕೆ ತಕ್ಕ ಕವಚಕ್ಕಾಗಿ ಬೇಡಿಕೆಯೂ ಬಂದಿದೆ. ಬೇಡಿಕೆಯನ್ನು ತಡೆಹಿಡಿಯಲಾಗಿದೆ. ಒಂದು ಮೀಟರು ಕಳೆದು, ಕಳೆದಿದ್ದಕ್ಕೆ ಕಾರಣ ಬರೆದು ಮರುಸಲ್ಲಿಸುವುದು.

3. ಅಳೆಯುವಾಗ ನೌಕರರು ಉಸಿರು ಬಿಗಿಹಿಡಿಯಬಾರದು. ಇದರಿಂದ ಕಾಲು ಸಣ್ಣದಾಗುವುದಿಲ್ಲವೆಂದು ತರೀಕೆರೆ ಉಪ ಕಚೇರಿಯಲ್ಲಿ ದೃಢಪಟ್ಟಿದೆ.

4. ‘ದಪ್ಪ ಕಾಲು’ ಎಂಬ ಪದದಿಂದ ಮನಸ್ಸಿಗೆ ನೋವಾಗುವ ಸಂಭವವಿರುವುದರಿಂದ, ವಿಷಯದ ಸಾಲನ್ನು ಬಿಟ್ಟು ಮಿಕ್ಕೆಲ್ಲ ಕಡೆ ‘ಪೂರ್ಣ ಪ್ರಮಾಣದ ಕಾಲು’ ಎಂದು ಬಳಸುವುದು. ಉಳಿದವರದನ್ನು ‘ಅಲ್ಪ ಪ್ರಮಾಣದ ಕಾಲು’ ಎನ್ನುವುದು. ಗ್ರೂಪ್ ‘ಎ’ ಅಧಿಕಾರಿಗಳ ಕಾಲನ್ನು ಯಾವ ಪ್ರಮಾಣದಲ್ಲಿಯೂ ಉಲ್ಲೇಖಿಸತಕ್ಕದ್ದಲ್ಲ.

5. ಎರಡು ಸಣ್ಣ ಕವಚಗಳನ್ನು ಸೇರಿಸಿ ಹೊಲಿದು ಒಂದು ದಿನ ಎಡಗಾಲಿಗೆ, ಒಂದು ದಿನ ಬಲಗಾಲಿಗೆ ಹಾಕಿಕೊಳ್ಳಬಹುದೆಂಬ ಸಲಹೆ ಬಂದಿತ್ತು. ಯಾವ ದಿನ ಯಾವ ಕಾಲಿನ ಮೇಲೆ ಬೀಳುವುದೆಂಬ ಮುಂಗಡ ಪಟ್ಟಿಯನ್ನು ನೌಕರರು ನೀಡಲಾರೆವೆಂದಿರುವುದರಿಂದ ಸಲಹೆಯನ್ನು ಕೈಬಿಡಲಾಗಿದೆ.

6. ಗ್ರೂಪ್ ‘ಎ’ಗೆ ಮೀಸಲಾದ ಅತಿ ದೊಡ್ಡ ಕವಚವನ್ನು ಗ್ರೂಪ್ ‘ಡಿ’ ನೌಕರರು ಧರಿಸಲು ಅವಕಾಶವಿಲ್ಲ. ಧರಿಸಿದಲ್ಲಿ ಅದು ಮುಂಬಡ್ತಿಗೆ ಸಮನಾಗುತ್ತದೆ. ಆದ್ದರಿಂದ ಶ್ರೀಮತಿ ದುರ್ಗಮ್ಮ ಅವರ ಎಡಮಂಡಿ ಮತ್ತು ಬಲಮಂಡಿಯನ್ನು ಮಾತ್ರ, ಮುಂದಿನ ಆದೇಶದವರೆಗೆ, ಗ್ರೂಪ್ ‘ಎ’ ವೃಂದದ ಪ್ರಭಾರದಲ್ಲಿ ಇರಿಸಲಾಗಿದೆ. ದೇಹದ ಉಳಿದ ಭಾಗವು ಗ್ರೂಪ್ ‘ಡಿ’ಯಲ್ಲಿಯೇ ಮುಂದುವರಿಯತಕ್ಕದ್ದು.

7. ಪ್ರಭಾರದಲ್ಲಿರುವ ಮಂಡಿಗಳಿಗೆ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಸ್ಥಳ ಕಾಯ್ದಿರಿಸುವುದು. ನೌಕರರು ಎಂದಿನಂತೆ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವುದು.

8. ಮಂಡಿಗಳು ರಜೆ ಹಾಕಿದ ದಿನ ನೌಕರರೂ ರಜೆ ಹಾಕತಕ್ಕದ್ದು. ನೌಕರರು ರಜೆ ಹಾಕಿದ ದಿನ ಮಂಡಿಗಳು ಕೆಲಸಕ್ಕೆ ಬರುವ ಬಗ್ಗೆ ಸ್ಪಷ್ಟೀಕರಣ ಕೋರಲಾಗಿದೆ.

9. ಗಸ್ತಿನಲ್ಲಿ ಬೀಳುವ ಸಂದರ್ಭ ಬಂದಲ್ಲಿ ಮಂಡಿಯ ಮೇಲೆಯೇ ಬೀಳುವುದು. ಮೊಣಕೈಯ ಮೇಲೆ ಬಿದ್ದಲ್ಲಿ ಪ್ರಕರಣವು ಬೇರೆ ಶಾಖೆಗೆ ಹೋಗುತ್ತದೆ.

10. ಉಪ ನಿರ್ದೇಶಕರಿಗೆ ಸಣ್ಣ ಅಳತೆಯ ಜೊತೆ ಸರಿಯಾಗಿ ಹಿಡಿಸುತ್ತದೆಂದು ಕಂಡುಬಂದಿದೆ. ಅದನ್ನು ಅವರಿಗೆ ನೀಡುವ ಮೊದಲು ಅಳತೆಯ ಚೀಟಿಯನ್ನು ಕಿತ್ತು, ಆ ಜಾಗದಲ್ಲಿ ‘ಅತಿ ದೊಡ್ಡ’ ಎಂಬ ಚೀಟಿ ಅಂಟಿಸುವುದು.

11. ಕವಚಗಳ ಹಸ್ತಾಂತರವು 24-11-2025ರ ಸೋಮವಾರ ಬೆಳಗ್ಗೆ 10ಕ್ಕೆ, ಇಬ್ಬರು ಸಾಕ್ಷಿಗಳ ಎದುರು, ಬೀರುವನ್ನು ಅದರ ಕೀಲಿಯಿಂದಲೇ ತೆರೆದು ನಡೆಯತಕ್ಕದ್ದು. ಕೀಲಿಯು ವ್ಯವಸ್ಥಾಪಕರಾದ ಶ್ರೀ ತೀರ್ಥಪ್ಪ ಅವರ ಬಳಿ ಇದ್ದು, ಅವರು ತಂಗಿಯ ಮಗಳ ಮದುವೆಗೆ ಹೋಗಿರುತ್ತಾರೆ. ಮಂಗಳವಾರ ಬರುತ್ತಾರೆ.

12. ಕಲಂ 11ರಿಂದಾಗಿ 9ನೇ ಸುರಕ್ಷತಾ ಸೂಚನೆಯ ಗಡುವನ್ನು ವಿಸ್ತರಿಸಲು ಅವಕಾಶವಿದೆಯೇ ಎಂದು ಪರಿಶೀಲಿಸಲಾಗಿದೆ. ಅವಕಾಶವಿರುವುದಿಲ್ಲ.

ಈ ಸುತ್ತೋಲೆ ತಲುಪಿದ ಕ್ಷಣದಿಂದ, ತಲುಪದವರಿಗೆ ಅದಕ್ಕೂ ಮೊದಲಿನಿಂದ, ಜಾರಿಯಲ್ಲಿರುತ್ತದೆ.

ಸಹಿ/-
(ಶ್ರೀನಿವಾಸಮೂರ್ತಿ)
ಉಪ ನಿರ್ದೇಶಕರು
ಕಡೂರು

ಪ್ರತಿಗಳು:
1. ಕಡೂರು, ತರೀಕೆರೆ ಮತ್ತು ಅಜ್ಜಂಪುರ ಉಪ ಕಚೇರಿಗಳಿಗೆ, ಸೂಚನಾ ಫಲಕದಲ್ಲಿ ಮಂಡಿಯ ಎತ್ತರಕ್ಕೆ ಅಂಟಿಸಲು.
2. ಶ್ರೀ ಸುದರ್ಶನ, ಉಗ್ರಾಣ ಪಾಲಕರು, ಚೀಟಿ ಮತ್ತು ಗೋಂದಿನೊಂದಿಗೆ ಹಾಜರಿರಲು.
3. ಶ್ರೀಮತಿ ದುರ್ಗಮ್ಮ, ಗ್ರೂಪ್ ‘ಡಿ’, ಮಾಹಿತಿಗಾಗಿ.
4. ಶ್ರೀಮತಿ ದುರ್ಗಮ್ಮ ಅವರ ಎಡಮಂಡಿ ಮತ್ತು ಬಲಮಂಡಿ, ಗ್ರೂಪ್ ‘ಎ’ (ಪ್ರಭಾರ), ಅಗತ್ಯ ಕ್ರಮಕ್ಕಾಗಿ, ಪ್ರತ್ಯೇಕ ಲಕೋಟೆಗಳಲ್ಲಿ.
5. ಶ್ರೀ ತೀರ್ಥಪ್ಪ, ವ್ಯವಸ್ಥಾಪಕರು, ಮದುವೆ ಮನೆಯ ವಿಳಾಸಕ್ಕೆ.
6. ಕಚೇರಿ ಪ್ರತಿ.

ಕಚೇರಿ ಪ್ರತಿಯ ಮೇಲಿನ ಷರಾ, ದಿನಾಂಕ 24-11-2025:

ಬೆಳಗ್ಗೆ 9 ಗಂಟೆ 50 ನಿಮಿಷಕ್ಕೆ ಶ್ರೀಮತಿ ದುರ್ಗಮ್ಮ ಹಾಜರಾದರು. ಬೀರುವಿಗೆ ಬೀಗ ಹಾಕಿತ್ತು. 10 ಗಂಟೆ 12 ನಿಮಿಷಕ್ಕೆ ಬೀಗ ಒಡೆದಿರುವುದು ಕಂಡುಬಂದಿದೆ. ಒಡೆದವರ ಬಗ್ಗೆ ಸಾಕ್ಷಿಗಳಿಬ್ಬರೂ ಆ ಹೊತ್ತಿನಲ್ಲಿ ಕಿಟಕಿಯ ಕಡೆ ನೋಡುತ್ತಿದ್ದುದಾಗಿ ತಿಳಿಸಿದ್ದಾರೆ. ಉಪ ನಿರ್ದೇಶಕರ ಬಲಗೈ ಹೆಬ್ಬೆರಳಿಗೆ ತರಚು ಗಾಯವಾಗಿದ್ದು, ಕಾರಣ ನಮೂದಿಸಿಲ್ಲ. 10 ಗಂಟೆ 24 ನಿಮಿಷಕ್ಕೆ ಕವಚಗಳನ್ನು ಧರಿಸಲಾಯಿತು. ಪಟ್ಟಿಗಳು ಪೂರ್ತಿ ಸುತ್ತಿ ಬಂದು ಹಿಡಿದವು. 10 ಗಂಟೆ 31 ನಿಮಿಷಕ್ಕೆ ಶ್ರೀಮತಿ ದುರ್ಗಮ್ಮ ಸೈಕಲ್ ಹತ್ತಿ ಹಿರೇನಲ್ಲೂರಿನ ರಸ್ತೆ ಹಿಡಿದರು.