ಕೆಂಪು ಬೆನ್ನಿನ ಮೋಟರು

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಊರಲ್ಲಿ ಕನ್ನಡಕದಂಗಡಿ ಇಟ್ಟಿದ್ದ ಕನ್ನಡಕದವರು ಮೂಲೆಯಂಗಡಿಯಲ್ಲಿ ಒಂದು ಸೀಸೆ ಬಿಳಿ ನೈಲ್ ಪಾಲಿಶ್ ಕೊಂಡರು. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಎರಡೆರಡು ಸಲ ಹಿಂದೆ ತಿರುಗಿ ನೋಡಿದ್ದೇ ತಪ್ಪಾಯಿತು. ಸುಮ್ಮನೆ ಕೊಂಡಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಗುಂಡಿ ಆರಿಸುತ್ತ ನಿಂತಿದ್ದ ಪಕ್ಕದ ಮನೆಯ ಟೈಲರ್ ಕತ್ತು ಉದ್ದ ಮಾಡಿದ.

"ಏನ್ ಸಾರ್, ಮನೇಲಿ ಅಕ್ಕನಿಗಾ?"

"ಹೂಂ... ಅಲ್ಲ... ಅಂಗಡಿಗೆ."

"ಕನ್ನಡಕಕ್ಕೆ ಉಗುರು ಬೇರೆ ಇರುತ್ತಾ ಸಾರ್?"

ಕನ್ನಡಕದವರು ಸೀಸೆಯನ್ನು ಜೇಬಿಗಿಳಿಸಿ ಮನೆಯ ಕಡೆ ದಾಪುಗಾಲು ಹಾಕಿದರು.

ಸಂಗತಿ ಇಷ್ಟೇ. ಊರಾಚೆಯ ಕೆರೆಯಲ್ಲಿ ಪ್ರತಿ ಭಾನುವಾರ ಸಂಜೆ ಆಟಿಕೆ ದೋಣಿಗಳ ಪಂದ್ಯ ನಡೆಯುತ್ತಿತ್ತು. ಮೊಳದುದ್ದದ ದೋಣಿ, ಅದರೊಳಗೆ ಬ್ಯಾಟರಿ, ಮೋಟರು. ದಡದಲ್ಲಿ ನಿಂತವರ ಕೈಯಲ್ಲಿ ರಿಮೋಟು. ಆರು ದೋಣಿ, ಆರು ನಡುವಯಸ್ಸಿನ ಗಂಡಸರು, ನೋಡಲು ಊರ ಜನ, ಗೆದ್ದವರಿಗೆ ಒಂದು ಕಪ್. ನಿಯಮ ಒಂದೇ: ಕಂಪನಿಯವರು ಕೂರಿಸಿ ಕೊಟ್ಟ ಬಿಳಿ ಬೆನ್ನಿನ ಮೋಟರನ್ನು ಬದಲಿಸುವ ಹಾಗಿಲ್ಲ. ಈ ದೋಣಿ ಕ್ಲಬ್ಬಿನ ಕಾರ್ಯದರ್ಶಿಯಾದ ಹಲ್ಲಿನ ಡಾಕ್ಟರೇ ಮೂರು ವರ್ಷದಿಂದ ಮೊದಲು. ಕನ್ನಡಕದವರು ಐದನೆಯವರು, ಗಾಳಿ ಎದುರಾದರೆ ಆರನೆಯವರು.

ಕಂಪನಿ ಮೋಟರಿನಲ್ಲಿ ಅಷ್ಟು ವೇಗ ಬರಲು ಸಾಧ್ಯವೇ ಇಲ್ಲ ಎಂಬ ಗುಮಾನಿ ಅವರ ತಲೆಯೊಳಗೆ ಸೊಳ್ಳೆಯಂತೆ ಗುಂಯ್‌ಗುಡುತ್ತಿತ್ತು. ಮೊದಲು ದೋಣಿಯ ತಳವನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿದರು. ಲೆನ್ಸು ಸಾಣೆ ಹಿಡಿಯುವ ಚಕ್ರದಲ್ಲೇ ನೀರು ತಳ್ಳುವ ಪುಟ್ಟ ಪಂಖದ ಅಂಚನ್ನು ಮಸೆದರು. ಮೂತಿ ಮೇಲೇಳಲಿ ಎಂದು ಬ್ಯಾಟರಿಯನ್ನು ಒಂದಿಂಚು ಹಿಂದೆ ಸರಿಸಿದರು. ಇಷ್ಟೆಲ್ಲ ಮಾಡಿ ಐದನೇ ಸ್ಥಾನದಿಂದ ನಾಲ್ಕಕ್ಕೆ ಬಂದರು. ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡು ದೂರದ ಊರಿನಿಂದ ಒಂದು 'ಬಿಸಿ' ಮೋಟರು, ಎಂದರೆ ನಿಯಮ ಮೀರಿದ ವೇಗದ್ದು, ತರಿಸಿದರು. ಒಳಗೆ ದಪ್ಪ ತಾಮ್ರದ ತಂತಿ, ಕಡಿಮೆ ಸುತ್ತು. ಗಾತ್ರ ಅದೇ, ವೇಗ ಎರಡರಷ್ಟು. ಆದರೆ ಅದರ ಬೆನ್ನು ಕೆಂಪಗಿತ್ತು. ಅದಕ್ಕೇ ಈ ಬಿಳಿ ನೈಲ್ ಪಾಲಿಶ್.

ಹೆಂಡತಿಗೆ ಹೇಳುವಂತಿರಲಿಲ್ಲ. ಅವಳ ದವಡೆಹಲ್ಲಿಗೆ ಅದೇ ಡಾಕ್ಟರ ಹತ್ತಿರ ಚಿಕಿತ್ಸೆ ನಡೆಯುತ್ತಿತ್ತು. ಬಾಯಿ ತೆರೆದೇ ಮಲಗಬೇಕಾದ ಜಾಗದಲ್ಲಿ ಗುಟ್ಟು ಎಷ್ಟು ಹೊತ್ತು ನಿಂತೀತು?

ಬಚ್ಚಲಿನ ಅಗುಳಿ ಹಾಕಿಕೊಂಡು ಮೋಟರಿಗೆ ಬಿಳಿ ಬಳಿದರು, ಊದಿ ಊದಿ ಒಣಗಿಸಿದರು, ದೋಣಿಯಲ್ಲಿ ಕೂರಿಸಿದರು.

"ಏನ್ರೀ, ಒಳಗೇನ್ ಮಾಡ್ತಿದ್ದೀರಿ?" ಬಾಗಿಲ ಹೊರಗೆ ಹೆಂಡತಿ.

"ಸ್ನಾನ."

"ನೀರಿನ ಸದ್ದೇ ಇಲ್ಲ. ನೈಲ್ ಪಾಲಿಶ್ ವಾಸನೆ ಬರ್ತಿದೆ."

ಗಾಬರಿಯಲ್ಲಿ ನಲ್ಲಿ ತಿರುಗಿಸಿದರು. ಹೇಗೂ ಟಬ್ಬು ತುಂಬಿತು, ಒಂದು ಕೈ ನೋಡೇಬಿಡೋಣ ಎನ್ನಿಸಿ ರಿಮೋಟಿನ ಕಡ್ಡಿಯನ್ನು ಕೂದಲೆಳೆಯಷ್ಟು ಮುಂದೆ ತಳ್ಳಿದರು. ದೋಣಿ ಕಟ್ಟು ಬಿಚ್ಚಿದ ಕರುವಿನಂತೆ ನೆಗೆದು ಟಬ್ಬಿನಾಚೆ ಹಾರಿ ಸೋಪಿನ ಡಬ್ಬಿಗೆ ಗುದ್ದಿತು. ಸೋಪು ಕಿಟಕಿಯಿಂದ ಹೊರಬಿತ್ತು. ಕೆಳಗಿನಿಂದ ಟೈಲರನ ದನಿ ಕೇಳಿತು: "ಅಕ್ಕಾ, ಒಣಗಾಕಿದ್ದ ಕೋಟಿನ ಮೇಲೆ ನಿಮ್ಮನೆ ಸೋಪು! ಅಂದಹಾಗೆ, ಸಾರ್ ತಂದ ಬಣ್ಣ ಇಷ್ಟ ಆಯ್ತಾ?"

ಕನ್ನಡಕದವರು ಹೊರಬಂದಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಯಾರಿಗೆ ತಂದಿರಿ?"

"ಯಾರಿಗೂ ಇಲ್ಲ ಮಾರಾಯ್ತಿ."

"ಸೀಸೆ ಎಲ್ಲಿ?"

"ಎಸೆದೆ."

"ಯಾರಿಗೂ ತರದೇ ಇರೋದನ್ನ ತಂದು, ಬಾಗಿಲು ಹಾಕ್ಕೊಂಡು ಎಸೆದ್ರಾ?"

ಮಧ್ಯಾಹ್ನದ ಊಟದಲ್ಲಿ ಮಾತಾಡಿದ್ದು ಸೌಟು ಮಾತ್ರ.

ಮೂರೂವರೆಗೆ ದೋಣಿಯ ಚೀಲ ಎದೆಗವಚಿಕೊಂಡು ಕನ್ನಡಕದವರು ಕೆರೆಗೆ ಹೊರಟರು. ಪ್ರತಿ ತಿರುವಿನಲ್ಲೂ ಹಿಂದೆ ನೋಡಿದರು. ಪೇಪರ್ ಓದುತ್ತ ನಿಂತವನು ಡಾಕ್ಟರ ಕಡೆಯವನಂತೆ ಕಂಡ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಹೆಂಗಸೂ ಹಾಗೇ ಕಂಡಳು, ನಾಯಿಯಂತೂ ಖಂಡಿತ. ನಿಜವಾಗಿ ಹಿಂಬಾಲಿಸುತ್ತಿದ್ದವರು ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ. ನೂರು ಹೆಜ್ಜೆ ಹಿಂದೆ ಛತ್ರಿಯ ಮರೆಯಲ್ಲಿ ಹೆಂಡತಿ ಬರುತ್ತಿದ್ದಳು. ದಾರಿ ತೋರಿಸುವ ನೆಪದಲ್ಲಿ ಟೈಲರ್ ಜೊತೆಗಿದ್ದ.

ಕೆರೆಯ ದಡದಲ್ಲಿ ಡಾಕ್ಟರು ಗಂಟಲು ಸರಿಪಡಿಸಿಕೊಂಡು ಹೇಳಿದರು: "ಗೆಳೆಯರೇ, ಕೆಲವರ ಮೇಲೆ ಅನುಮಾನ ಇದೆ. ಯಾರು ಅಂತ ಹೇಳಲ್ಲ. ಇವತ್ತು ಎಲ್ಲಾ ದೋಣಿನೂ ಬಿಚ್ಚಿ ನೋಡ್ತೀನಿ." ಅವರ ಕೈಯಲ್ಲಿ ಹಲ್ಲು ನೋಡುವ ಪುಟ್ಟ ಕನ್ನಡಿ ಹೊಳೆಯುತ್ತಿತ್ತು.

'ಕೆಲವರು' ಎಂದಾಗ ಡಾಕ್ಟರು ನನ್ನನ್ನೇ ನೋಡಿದರು, ಸಂಶಯವೇ ಬೇಡ ಎಂದು ಕನ್ನಡಕದವರು ಅಂದುಕೊಂಡರು. "ಒಂದೈದು ನಿಮಿಷ, ಹೊಟ್ಟೆ ಸರಿಯಿಲ್ಲ" ಎಂದು ಚೀಲ ಸಮೇತ ಶೌಚಾಲಯಕ್ಕೆ ಓಡಿದರು. ಬಾಗಿಲು ಹಾಕಿಕೊಂಡು ಎರಡು ಸ್ಕ್ರೂ ಬಿಚ್ಚಿ ಬಿಸಿ ಮೋಟರು ತೆಗೆದರು, ಚೀಲದ ತಳದಲ್ಲಿದ್ದ ಹಳೆಯದನ್ನು ಕೂರಿಸಿ ತಂತಿ ಸಿಕ್ಕಿಸಿದರು. ತೆಗೆದದ್ದನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗಿಳಿಸಿದರು.

ತಪಾಸಣೆ ಒಂದೇ ನಿಮಿಷದಲ್ಲಿ ಮುಗಿಯಿತು. ಡಾಕ್ಟರು ಒಂದು ದೋಣಿಯ ಮುಚ್ಚಳವನ್ನೂ ತೆಗೆಯದೆ, ಕನ್ನಡಿಯನ್ನು ಮೇಲೆ ಮೇಲೆ ಆಡಿಸಿ, "ಚೆನ್ನಾಗಿದೆ, ಚೆನ್ನಾಗಿದೆ" ಎಂದು ಆರನ್ನೂ ದಾಟಿಬಿಟ್ಟರು.

ಸೀಟಿ ಮೊಳಗಿತು. ಐದು ದೋಣಿಗಳು ನೀರನ್ನು ಸೀಳಿಕೊಂಡು ಚಿಮ್ಮಿದವು. ಯಾವ ಭಾನುವಾರವೂ ಅಷ್ಟು ವೇಗ ಕಂಡಿರಲಿಲ್ಲ. ಆರನೆಯದು ಹಿಂದಕ್ಕೆ ಹೊರಟಿತು. ಆತುರದಲ್ಲಿ ತಂತಿಗಳು ಅದಲುಬದಲಾಗಿದ್ದವು. ಕನ್ನಡಕದವರು ಇನ್ನಷ್ಟು ಜೋರಾಗಿ ಕಡ್ಡಿ ತಳ್ಳಿದರು. ದೋಣಿ ಇನ್ನಷ್ಟು ಜೋರಾಗಿ ಹಿಂದೆ ಬಂದು, ದಡ ಹತ್ತಿ, ಅವರ ಚಪ್ಪಲಿಗೆ ಗುದ್ದಿ ಕೆಸರಿನಲ್ಲಿ ಮಗುಚಿಕೊಂಡಿತು. ಡಾಕ್ಟರು ಗೆದ್ದರು.

ಜನರ ನಗು ಇನ್ನೂ ನಿಂತಿರಲಿಲ್ಲ, ಛತ್ರಿ ಮಡಿಚಿಕೊಂಡು ಹೆಂಡತಿ ಎದುರಿಗೆ ಬಂದಳು.

"ಜೇಬಲ್ಲೇನ್ರೀ ಅದು, ಕರವಸ್ತ್ರ ಉಬ್ಬಿದೆ?"

"ಏನಿಲ್ಲ."

"ಕರವಸ್ತ್ರದಲ್ಲಿ ಸುತ್ತಿ ಏನೂ ಇಲ್ಲದೇ ಇರೋದನ್ನ ಯಾರಿಗೆ ತಂದ್ರಿ? ತೆಗೀರಿ."

ಅವರು ತೆಗೆಯಲಿಲ್ಲ. ಅವಳೇ ತೆಗೆದಳು, ಬಿಚ್ಚಿದಳು, ಉಗುರಿನಿಂದ ಕೆರೆದಳು. ಬಿಳಿ ಸಿಪ್ಪೆ ಎದ್ದು ಒಳಗಿನ ಕೆಂಪು ಕಂಡಿತು. ಅವಳ ಮುಖ ಹೂವಿನಂತೆ ಅರಳಿತು.

"ಅಯ್ಯೋ, ಮೋಟರು! ಬರೀ ಮೋಟರು! ಬಣ್ಣ ಇದಕ್ಕೆ ಹಚ್ಚಿದ್ದಾ? ನಾನು ಬೆಳಿಗ್ಗೆಯಿಂದ ಏನೇನೋ ಅಂದ್ಕೊಂಡು ಸಾಯ್ತಿದ್ದೆ!"

ಕೆರೆಯ ಆಚೆ ದಡಕ್ಕೂ ಕೇಳುವಷ್ಟು ಸಂತೋಷ ಅವಳಿಗೆ. ಡಾಕ್ಟರು ನಿಧಾನಕ್ಕೆ ಹತ್ತಿರ ಬಂದರು.

"ಛೆ ಛೆ ಛೆ. ನಮ್ಮ ಕ್ಲಬ್ಬಲ್ಲಿ ಇಂಥಾದ್ದಾ? ಒಂದು ವರ್ಷ ನೀವು ಈ ಕಡೆ ತಲೆ ಹಾಕಬೇಡಿ."

"ಡಾಕ್ಟ್ರೇ, ನಾನು ಓಡಿಸಿದ್ದು ಹಳೇದರಲ್ಲೇ!"

"ಜೇಬಲ್ಲಿತ್ತಲ್ಲ, ಸಾಕು. ಅಮ್ಮಾ," ಎಂದು ಡಾಕ್ಟರು ಹೆಂಡತಿಯ ಕಡೆ ತಿರುಗಿದರು, "ಸ್ವಂತ ಗಂಡ ಅಂತಾನೂ ನೋಡದೆ ಸತ್ಯ ಹೊರಗೆ ತೆಗೆದ್ರಿ. ಇಂಥ ಕಣ್ಣು ನಮಗೆ ಬೇಕು. ಇನ್ಮೇಲೆ ಈ ಕ್ಲಬ್ಬಿನ ತಪಾಸಣೆ ನಿಮ್ಮದು." ಎಲ್ಲರೂ ಚಪ್ಪಾಳೆ ತಟ್ಟಿದರು.

"ಇವತ್ತಿಂದಾನೇನಾ?"

"ಈ ಕ್ಷಣದಿಂದ!"

"ಹಾಗಾದ್ರೆ ನಿಮ್ಮ ದೋಣಿ ಕೊಡಿ."

ಚಪ್ಪಾಳೆ ಅರ್ಧಕ್ಕೇ ನಿಂತಿತು. ಬೇಡ ಎನ್ನುವಂತಿರಲಿಲ್ಲ, ನೂರು ಜನ ನೋಡುತ್ತಿದ್ದರು. ಟೈಲರ್ ತನ್ನ ಹೊಲಿಗೆ ಮೆಷಿನ್ನಿನ ಚಿಕ್ಕ ಸ್ಕ್ರೂಡ್ರೈವರ್ ಚಾಚಿದ. ಹೆಂಡತಿ ಮುಚ್ಚಳ ತೆಗೆದು ಉಗುರು ಹಾಕಿದಳು. ಹಲ್ಲಿನ ತೂತಿಗೆ ತುಂಬುವ ಸಿಮೆಂಟು ಪುಡಿಪುಡಿಯಾಗಿ ಉದುರಿತು, ಅದರಡಿ ಕೆಂಪು. ಉಳಿದ ನಾಲ್ಕರಲ್ಲೂ ಅದೇ ಕತೆ: ಒಂದಕ್ಕೆ ಬಿಳಿ ಟೇಪು, ಒಂದಕ್ಕೆ ಗೋಡೆಯ ಪೇಂಟು. ಐವರೂ ತಮ್ಮ ತಮ್ಮ ಚಪ್ಪಲಿ ನೋಡುತ್ತ ನಿಂತರು.

ಕನ್ನಡಕದವರಿಗೆ ಹೋದ ಜೀವ ಬಂದಂತಾಯಿತು. "ನೋಡಿದ್ರಾ! ಕಂಪನಿ ಮೋಟರಲ್ಲಿ ಓಡಿಸಿದೋನು ನಾನೊಬ್ಬನೇ! ಕಪ್ ನನ್ನದು!"

ಹೆಂಡತಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿಮ್ಮ ದೋಣಿ ಗೆರೆ ದಾಟಿತಾ?"

"ಅದು... ಸ್ವಲ್ಪ ಹಿಂದೆ..."

"ಹಿಂದೆ ಹೋದದ್ದಕ್ಕೆಲ್ಲ ಕಪ್ ಕೊಡೋಕೆ ಆಗಲ್ಲ. ತಪಾಸಣೆಯೋರು ನಾನು."

"ಅಕ್ಕ ಹೇಳೋದು ನ್ಯಾಯ," ಎಂದ ಟೈಲರ್.

ವಾರಸುದಾರರಿಲ್ಲದ ಕಪ್ಪನ್ನು ಏನು ಮಾಡುವುದೆಂದು ಐವರೂ ಗುಸುಗುಸು ಮಾತಾಡಿಕೊಂಡರು. ಈಕೆ ಇನ್ನೇನಾದರೂ ಕೆರೆದು ತೆಗೆಯುವ ಮೊದಲು ಸಮಾಧಾನ ಮಾಡುವುದೇ ಲೇಸೆಂದು, ಡಾಕ್ಟರು ಅದನ್ನು ಎರಡೂ ಕೈಯಿಂದ ಅವಳಿಗೇ ಒಪ್ಪಿಸಿದರು.

ಸಂಜೆ ಬೀದಿಯಲ್ಲಿ ಅವಳು ಕಪ್ ಹಿಡಿದು ಮುಂದೆ, ಕನ್ನಡಕದವರು ಕೆಸರು ಸುರಿಯುವ ದೋಣಿ ಹಿಡಿದು ಹಿಂದೆ. ಮೂಲೆಯಂಗಡಿಯವನು ಎದ್ದು ನಿಂತು ಕೇಳಿದ:

"ಅಂತೂ ಗೆದ್ದುಬಿಟ್ರಾ ಸಾರ್?"

ಕನ್ನಡಕದವರು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು:

"ಹೂಂ, ಗೆದ್ದೆ."